ಸತ್ಯಾಂಶ: ಸೀಮೆಎಣ್ಣೆ ಬೆರೆಸಿದರೆ ವಾಹನದ ಡೀಸೆಲ್ ಪಂಪ್ ಉಳಿಯುತ್ತದೆಯೇ?

ಸಿಂಧನೂರು, ಮಾನ್ವಿ ಕಡೆ ಭತ್ತ ಸಾಗಿಸುವ ಪಿಕಪ್ ಮಾಲೀಕರ ಮೊಬೈಲುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ‘ಬಿಎಸ್-6 ಡೀಸೆಲ್‌ನಲ್ಲಿ ಗಂಧಕವಿಲ್ಲ, ಜಿಡ್ಡೂ ಇಲ್ಲ, ಪ್ರತಿ ಟ್ಯಾಂಕಿಗೆ ಒಂದು ಲೀಟರ್ ಸೀಮೆಎಣ್ಣೆ ಹಾಕಿ. ಪಂಪ್ ಕೆಟ್ಟರೂ ವಾರಂಟಿ ಇದೆ.’

ಇದರಲ್ಲಿ ನಿಜದ ಎಳೆಯೊಂದಿರುವುದರಿಂದಲೇ ಜನ ನಂಬುತ್ತಾರೆ. ವಾಹನಗಳ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್-6 ಮಾನದಂಡದಂತೆ 2020ರ ಏಪ್ರಿಲ್ 1ರಿಂದ ಡೀಸೆಲ್‌ನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದಿದ್ದು, ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಿಡ್ಡೂ ತಗ್ಗುತ್ತದೆ. ಆದರೆ ಆ ಕೊರತೆ ತುಂಬುವ ರಾಸಾಯನಿಕವನ್ನು ಇಂಧನ ಬಂಕಿಗೆ ಬರುವ ಮೊದಲೇ ಬೆರೆಸಿರುತ್ತಾರೆ. ಸೀಮೆಎಣ್ಣೆಯಾದರೋ ಡೀಸೆಲ್‌ಗಿಂತ ತೆಳು. ಎಲ್ಲ ಇಂಜೆಕ್ಟರ್‌ಗಳಿಗೂ (ಎಂಜಿನ್‌ಗೆ ಇಂಧನ ಸಿಂಪಡಿಸುವ ಭಾಗಗಳಿಗೆ) ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ‘ಕಾಮನ್ ರೈಲ್’ ವ್ಯವಸ್ಥೆಯಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡ ಹುಟ್ಟಿಸುವ ಪಂಪಿನ ಒಳಭಾಗಗಳಿಗೆ ಸಾಮಾನ್ಯವಾಗಿ ಡೀಸೆಲ್ಲೇ ಕೀಲೆಣ್ಣೆಯಾಗಿರುವುದರಿಂದ, ಅದು ತೆಳುವಾದಷ್ಟೂ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ಹಾಗೆ ಸವೆದ ಪಂಪನ್ನು ಬಿಚ್ಚಿದರೆ ಅಂಗೈಗೆ ಸುರಿದ ಡೀಸೆಲ್‌ನಲ್ಲಿ ಬೆಳ್ಳಿಪುಡಿಯಂತೆ ಲೋಹದ ಚೂರು ಮಿನುಗುತ್ತದೆ. ಅದೇ ಪುಡಿ ಇಂಜೆಕ್ಟರ್‌ಗಳಿಗೂ ಸೇರಿ ಖರ್ಚನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

ಕಲಬೆರಕೆ ಇಂಧನದಿಂದಾದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಮತ್ತು ಟ್ಯಾಂಕಿನಲ್ಲಿರುವ ಡೀಸೆಲ್‌ನ ಮಾದರಿಯನ್ನು ಪರೀಕ್ಷಿಸಿದರೆ ಸೀಮೆಎಣ್ಣೆ ಪತ್ತೆಯಾಗಬಹುದು. ಆದ್ದರಿಂದ ಏನನ್ನೂ ಬೆರೆಸಬೇಡಿ. ಡೀಸೆಲ್ ಹಾಕಿಸಿದ ಮತ್ತು ಸರ್ವಿಸ್ ಮಾಡಿಸಿದ ರಸೀದಿಗಳನ್ನು ಜೋಪಾನವಾಗಿಡಿ, ಡೀಸೆಲ್‌ನಲ್ಲಿ ನೀರು ಸೇರಿದೆ ಎಂದು ಸೂಚಿಸುವ ದೀಪ ಹೊತ್ತಿಕೊಂಡ ದಿನವೇ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರನ್ನು ಹೊರಬಿಡಿ.