ಬಡವರೆಂದು ಸಾಬೀತು ಮಾಡಲು ಆಷಾಢವೇ ವಾಸಿ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹೊಂಗೆ ಮರದ ಕೆಳಗೊಂದು ಸಿಮೆಂಟು ಬೆಂಚಿದೆ. ಬೆಳಗ್ಗೆ ಏಳರಿಂದ ಎಂಟರವರೆಗೆ ದೇಶದ ಹಣಕಾಸು ಖಾತೆ ಅಲ್ಲಿರುತ್ತದೆ. ಖಾತೆ ನೋಡಿಕೊಳ್ಳುವವರು ಒಬ್ಬ ನಿವೃತ್ತ ಎಂಜಿನಿಯರು. ಎಲ್ಲರ ಬಾಯಲ್ಲೂ ರಾಯರು. ನಾಲ್ಕು ಸುತ್ತು ನಡೆದು, ಒಂದು ಸುತ್ತು ಚಪ್ಪಾಳೆ ತಟ್ಟಿ ಕೂತರೆಂದರೆ ಬಜೆಟ್ ಮಂಡನೆ ಶುರು.

"ನಾನು ಕಟ್ಟೋ ತೆರಿಗೆ ದುಡ್ಡಲ್ಲಿ ಊರ ಮಕ್ಕಳೆಲ್ಲ ಬಿಟ್ಟಿ ಓದಬೇಕೇನ್ರೀ?"

ಈ ಸಲ ಮಾತು ಎದ್ದದ್ದಕ್ಕೆ ಕಾರಣ, ಪಾರ್ಕಿನ ಗೇಟಿನಲ್ಲಿ ಹೂ ಮಾರುವಾಕೆಯ ಮಗಳು. ಹುಡುಗಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಕಾಂ ಸೇರಿದ್ದಾಳೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಾಳಂತೆ. ಸುದ್ದಿ ರಾಯರ ಕಿವಿಗೆ ಬಿದ್ದದ್ದೇ ತಡ, ಅಂದಿನ ವಾಕಿಂಗು ಎರಡು ಸುತ್ತಿಗೇ ಮುಗಿಯಿತು.

ಬಿಟ್ಟಿ ಅನ್ನುವ ಪದದ ಹಣೆಬರಹವೇ ವಿಚಿತ್ರ. ಹಿಂದೆ ಊರ ಗೌಡನ ಮನೆಯ ಕೆಲಸಕ್ಕೆ ಕೂಲಿಯಿಲ್ಲದೆ ಬಡವನನ್ನು ಹಿಡಿದು ದುಡಿಸಿಕೊಂಡರೆ ಅದಕ್ಕೆ ಬಿಟ್ಟಿ ಬೇಗಾರಿ ಎನ್ನುತ್ತಿದ್ದರು. ಬಡವನಿಂದ ಪುಕ್ಕಟೆ ಕಿತ್ತುಕೊಂಡದ್ದು ಬಿಟ್ಟಿ. ಈಗ ಅದೇ ಬಡವನ ಮಗಳಿಗೆ ಏನಾದರೂ ಕೊಟ್ಟರೆ ಅದು ಬಿಟ್ಟಿ. ಕೊಡುವ ಕೈ, ತಗೊಳ್ಳುವ ಕೈ ಅದಲುಬದಲಾದರೂ ಬೈಗುಳ ಮಾತ್ರ ಬಿದ್ದಲ್ಲಿಂದ ಏಳಲಿಲ್ಲ.

ರಾಯರು ಕೆಟ್ಟವರಲ್ಲ. ಅವರ ತಂದೆ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಬುಧವಾರ ಇನ್ಯಾರದೋ ಮನೆ, ಹೀಗೆ ಏಳು ಮನೆಯ ಅನ್ನ. ಈ ಕಥೆ ಹೇಳುವಾಗ ರಾಯರ ಗಂಟಲು ಕಟ್ಟುತ್ತದೆ. "ಎಂಥಾ ಸ್ವಾಭಿಮಾನ ನೋಡಿ ನಮ್ಮಪ್ಪಂದು!" ಏಳು ಮನೆಯವರು ಸೇರಿ ಒಬ್ಬ ಹುಡುಗನನ್ನು ಓದಿಸಿದರೆ ಸ್ವಾಭಿಮಾನ, ಏಳು ಕೋಟಿ ಜನ ಸೇರಿ ಓದಿಸಿದರೆ ಸೋಮಾರಿತನ. ಆ ಮನೆಗಳಲ್ಲಿ ಯಾರೂ ಆದಾಯ ಪ್ರಮಾಣ ಪತ್ರ ಕೇಳುತ್ತಿರಲಿಲ್ಲ ಅನ್ನುವುದೂ ನಿಜ. ಗೋತ್ರ ಒಂದನ್ನು ಕೇಳಿದರೆ ಸಾಕಾಗುತ್ತಿತ್ತು.

ಇನ್ನು ರಾಯರ ಮಕ್ಕಳ ಸರದಿ. ಮಗಳ ಎಂಜಿನಿಯರಿಂಗ್ ಫೀಸಿನ ರಸೀದಿಗಳನ್ನು ರಾಯರು ವರ್ಷವರ್ಷವೂ ಆದಾಯ ತೆರಿಗೆ ಕಾಯ್ದೆಯ 80ಸಿ ಕಲಮಿನ ಅಡಿ ತೋರಿಸಿ ತೆರಿಗೆ ಉಳಿಸಿದರು. ಮಗ ಅಮೆರಿಕಕ್ಕೆ ಎಂಎಸ್ ಮಾಡಲು ಹೋದಾಗ ತೆಗೆದ ಸಾಲದ ಬಡ್ಡಿಯನ್ನು 80ಇ ಅಡಿ ತೋರಿಸಿದರು. 80ಇಗೆ ಒಂದು ಸೊಗಸಿತ್ತು: ಎಷ್ಟು ಬಡ್ಡಿ ಕಟ್ಟಿದರೂ ಅಷ್ಟಕ್ಕೂ ವಿನಾಯಿತಿ, ಮೇಲ್ಮಿತಿಯೇ ಇರಲಿಲ್ಲ, ಎಂಟು ವರ್ಷದವರೆಗೆ. ಅಂದರೆ ಹುಡುಗ ಟೆಕ್ಸಾಸಿನಲ್ಲಿ ಓದಿದ್ದರಲ್ಲಿ ನಮ್ಮ ಖಜಾನೆಯದೂ ಒಂದು ಪಾಲು ಇತ್ತು. ನಾನು ಇದನ್ನು ಮೆಲ್ಲಗೆ ಎತ್ತಿದೆ.

"ಅದು ಬೇರೆ ಕಣ್ರೀ. ಅದು ಟ್ಯಾಕ್ಸ್ ಪ್ಲಾನಿಂಗು" ಅಂದರು.

ಹೂ ಮಾರುವಾಕೆಗೆ ಈ ಪ್ಲಾನಿಂಗು ಮಾಡುವ ಭಾಗ್ಯವಿಲ್ಲ. ಆದಾಯ ತೆರಿಗೆ ಕಟ್ಟುವಷ್ಟು ದುಡಿದರೆ ತಾನೇ ಅದರಲ್ಲಿ ವಿನಾಯಿತಿ? ಹಾಗಂತ ಆಕೆ ತೆರಿಗೆಯನ್ನೇ ಕಟ್ಟುವುದಿಲ್ಲ ಅಂದುಕೊಳ್ಳಬೇಡಿ. ಮೊಬೈಲಿಗೆ 299 ರೂಪಾಯಿ ರೀಚಾರ್ಜ್ ಮಾಡಿಸಿದರೆ ಅದರೊಳಗೆ 45 ರೂಪಾಯಿ ಚಿಲ್ಲರೆ ಜಿಎಸ್‌ಟಿ. ಸ್ನಾನದ ಸೋಪಿನ ಮೇಲೆ 2025ರ ಸೆಪ್ಟೆಂಬರ್ 21ರವರೆಗೂ ಶೇ. 18 ಇತ್ತು, ಈಗ ಶೇ. 5. ಆಕೆ ಸೋಪು ಕೊಳ್ಳುವಾಗ ಅಂಗಡಿಯವನು ಆದಾಯ ಪ್ರಮಾಣ ಪತ್ರ ಕೇಳಲಿಲ್ಲ. ತೆಗೆದುಕೊಳ್ಳುವಾಗ ಸರ್ಕಾರಕ್ಕೆ ನಂಬಿಕೆ ಜಾಸ್ತಿ.

ರಾಯರ ಬಗ್ಗೆ ಇನ್ನೊಂದು ಗುಟ್ಟು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಸೊನ್ನೆ. ರಾಯರ ಪಿಂಚಣಿ, ಎಫ್‌ಡಿ ಬಡ್ಡಿ ಎಲ್ಲ ಕೂಡಿದರೂ ಅಷ್ಟಾಗುವುದಿಲ್ಲ. ಈ ವರ್ಷದ ರಿಟರ್ನಿನಲ್ಲಿ ಅವರು ಕಟ್ಟಬೇಕಾದ ತೆರಿಗೆಯ ಕಾಲಂನಲ್ಲಿ ದೊಡ್ಡದೊಂದು ಸೊನ್ನೆ ಕೂತಿದೆ. ಆದರೂ ಮೂವತ್ತೈದು ವರ್ಷದ ಅಭ್ಯಾಸ, ಜೇಬು ಕಟ್ಟುವುದನ್ನು ನಿಲ್ಲಿಸಿದರೂ ಬಾಯಿ ಕಟ್ಟುತ್ತಲೇ ಇದೆ.

ಈಗ ಲೆಕ್ಕಕ್ಕೆ ಬರೋಣ. 12 ಲಕ್ಷದವರೆಗೆ ದುಡಿದರೆ ತೆರಿಗೆ ಹಾಕಲಾಗದಷ್ಟು ಪಾಪದವರು. ಮೇಲ್ಜಾತಿಯವರಾಗಿ 8 ಲಕ್ಷದೊಳಗಿದ್ದರೆ ಕೇಂದ್ರದ ಕಾಗದದಲ್ಲಿ ಆರ್ಥಿಕವಾಗಿ ದುರ್ಬಲರು, ಶೇ. 10 ಮೀಸಲಾತಿ. ಪರಿಶಿಷ್ಟ ಜಾತಿಯ ಹುಡುಗಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇಕೆಂದರೆ ಮನೆಯ ಆದಾಯ ಎರಡೂವರೆ ಲಕ್ಷ ದಾಟಕೂಡದು. ನಮ್ಮ ಹುಡುಗಿಯ ಅಪ್ಪ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಹನ್ನೆರಡು ಗಂಟೆ ಡ್ಯೂಟಿಗೆ ಹದಿಮೂರು ಸಾವಿರ. ಅಮ್ಮನ ಹೂವಿನಲ್ಲಿ ಎಂಟು ಸಾವಿರ. ತಿಂಗಳಿಗೆ 21,000, ವರ್ಷಕ್ಕೆ 2,52,000. ಎರಡು ಸಾವಿರ ರೂಪಾಯಿ ಹೆಚ್ಚಾಯಿತು. ಆ ಎರಡು ಸಾವಿರದಲ್ಲಿ ಕುಟುಂಬ ಶ್ರೀಮಂತ ವರ್ಗಕ್ಕೆ ಸೇರಿತು.

ನಾಡಕಚೇರಿಗೆ ನಾನೂ ಜೊತೆಗೆ ಹೋದೆ. ಹುಡುಗಿ ಕರೆದಳು, "ಅಂಕಲ್, ನೀವು ಬಂದರೆ ಸ್ವಲ್ಪ ಮಾತಾಡ್ತಾರೆ" ಅಂತ. ಮೊದಲ ದಿನ ಸರ್ವರ್ ಇರಲಿಲ್ಲ. ಎರಡನೇ ದಿನ ಸರ್ವರ್ ಇತ್ತು, ಆಪರೇಟರ್ ಇರಲಿಲ್ಲ. ಮೂರನೇ ಸಲ ಇಬ್ಬರೂ ಇದ್ದರು, ಕರೆಂಟ್ ಹೋಯಿತು. ಅಮ್ಮನ ಮೂರು ದಿನದ ವ್ಯಾಪಾರ ಹೋಯಿತು. ಅದನ್ನು ಆದಾಯದಲ್ಲಿ ಕಳೆಯುತ್ತಾರೋ ಎಂದು ಕೇಳೋಣ ಅಂದುಕೊಂಡೆ, ಧೈರ್ಯ ಸಾಲಲಿಲ್ಲ.

ಕಡೆಗೆ ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಕೂತೆವು.

"ಹೂವಲ್ಲಿ ದಿನಕ್ಕೆಷ್ಟು ಉಳಿಯತ್ತಮ್ಮ?"

"ಯಾವ ತಿಂಗಳಲ್ಲಿ ಸಾರ್?"

ಆತ ಪೆನ್ನು ಕೆಳಗಿಟ್ಟರು. ಆಕೆ ಬಿಡಿಸಿ ಹೇಳಿದಳು. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂ ತಂದು, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರಬೇಕು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕನಕಾಂಬರದ ರೇಟು ಕೇಳಿದರೆ ಲಕ್ಷ್ಮಿಯೇ ಹಿಂದೆ ಸರಿಯಬೇಕು. ತರುವಾಗಲೂ ದುಬಾರಿ, ಮಾರುವಾಗಲೂ ದುಬಾರಿ, ಮಳೆ ಬಂದರೆ ಎಲ್ಲವೂ ಚರಂಡಿಗೆ. ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಸೇವಂತಿಗೆ ಕೇಳುವವರಿಲ್ಲ. ದಿನಕ್ಕೆ ನೂರು ಉಳಿದರೆ ಹೆಚ್ಚು.

"ಈಗ ಯಾವ ಮಾಸ?" ಅಂದರು ಅಧಿಕಾರಿ.

"ಆಷಾಢ ಸಾರ್."

ಸರ್ಕಾರಿ ನೌಕರರಲ್ಲೂ ದೇವರಿದ್ದಾನೆ ಎಂದು ನನಗೆ ಅವತ್ತು ಗೊತ್ತಾಯಿತು. ಆತ ಕ್ಯಾಲೆಂಡರ್ ನೋಡಿ, ಹೂವಿನ ಆದಾಯ ತಗ್ಗಿಸಿ ಬರೆದರು. ವಾರ್ಷಿಕ ಆದಾಯ 2,40,000. ಪತ್ರ ಬಂತು, ಅದರ ವಾಯಿದೆ ಐದು ವರ್ಷ. ಮುಂದಿನ ಐದು ಶ್ರಾವಣ ಈ ಮನೆಯವರು ಏನೇ ದುಡಿದರೂ ಕಾಗದದ ಪ್ರಕಾರ ಆಷಾಢದಲ್ಲೇ ಇರುತ್ತಾರೆ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಹುಡುಗಿಯ ಹೆಸರಿನಲ್ಲೊಂದು 'ಕ್ಷ' ಇದೆ. ಕನ್ನಡದಲ್ಲಿ ಅದಕ್ಕೆ ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಎರಡು ದಾರಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಮೇಷ್ಟ್ರು 'ಕೆಎಸ್ಎಚ್' ಬರೆದಿದ್ದರು, ಆಧಾರಿನಲ್ಲಿ 'ಎಕ್ಸ್' ಬಿದ್ದಿತ್ತು. ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನದ ಪೋರ್ಟಲ್ಲಿಗೆ ಇವರಿಬ್ಬರೂ ಬೇರೆ ಬೇರೆ ಹುಡುಗಿಯರು. ಒಬ್ಬಳು ಪಾಸಾದವಳು, ಇನ್ನೊಬ್ಬಳು ಬಡವಳು. ಪಾಸಾದ ಬಡವಳು ಯಾರೂ ಇಲ್ಲ. ಸೈಬರ್ ಸೆಂಟರಿನ ಹುಡುಗ ಆದಾಯ ಪತ್ರದ ಆರ್‌ಡಿ ನಂಬರ್ ಹೊಡೆದು ಹೊಡೆದು ಸುಸ್ತಾಗಿ, "ಮೇಡಂ, ಮೊದಲು ಆಧಾರ್ ತಿದ್ದಿಸಿಕೊಂಡು ಬನ್ನಿ" ಅಂದ. ತಿದ್ದಿಸಿದ ಮೇಲೆ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ ಎಂದು ತಿಳಿಯಿತು. ಝೆರಾಕ್ಸ್, ಬಸ್ಸು, ಸೈಬರ್ ಸೆಂಟರ್ ಬಾಬ್ತು ಬರೆದಿಟ್ಟುಕೊಂಡಿದ್ದರೆ ಬಿಕಾಂನ ಮೊದಲ ಪಾಠ ಆಗುತ್ತಿತ್ತು.

ಇಷ್ಟೆಲ್ಲ ಅಲೆದು ಡಿಗ್ರಿ ಮುಗಿಸಿದಳು ಅನ್ನಿ. ಆರು ತಿಂಗಳು ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ಎರಡು ವರ್ಷ, ತಿಂಗಳಿಗೆ 3,000 ರೂಪಾಯಿ. ಹಸಿದಾಗ ಅಕ್ಕಿಯ ಲೆಕ್ಕ ಕೇಳಿ, ಕೈ ತೊಳೆದ ಮೇಲೆ ಎಲೆ ಹಾಕುವ ಪದ್ಧತಿ.

ರಾಯರ ಬೆಂಚಿನಲ್ಲಿ ಒಮ್ಮೆಯೂ ಚರ್ಚೆಗೆ ಬರದ ವಿಷಯವೂ ಒಂದಿದೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತು. ಯಾವ ಕಂಪನಿಯೂ ನಾಡಕಚೇರಿಯಲ್ಲಿ ಟೋಕನ್ ಹಿಡಿದು ನಿಂತದ್ದನ್ನು ನಾನು ಕಾಣೆ. ಹೆಸರಿನ ಸ್ಪೆಲ್ಲಿಂಗ್ ಕೂಡ ಯಾರೂ ನೋಡಲಿಲ್ಲ.

"ಕಂಪನಿ ಬೆಳೆದರೆ ದೇಶ ಬೆಳೆಯುತ್ತೆ ಕಣ್ರೀ" ಅಂದರು ರಾಯರು. ಹುಡುಗಿ ಬೆಳೆದರೆ? "ಅವಳು ಬೆಳೀಲಿ, ಯಾರು ಬೇಡ ಅಂದರು? ಸ್ವಂತ ಕಾಲ ಮೇಲೆ ಬೆಳೀಲಿ."

ವರ್ಷ ಮುಗಿಯುವ ಹೊತ್ತಿಗೆ ದುಡ್ಡು ಬಂತು. ಹುಡುಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ನೇರ ಪಾರ್ಕಿಗೇ ಬಂದಳು. ಅವಳಿಗೆ ರಾಯರ ಮೇಲೆ ಕೋಪವೇನೂ ಇಲ್ಲ. ಚಿಕ್ಕಂದಿನಲ್ಲಿ ಮಗ್ಗಿ ಹೇಳಿಕೊಟ್ಟವರು ಅವರೇ.

"ತಾತ, ಇದೇನು ನೋಡಿ, ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಕಟ್ ಆಗಿದೆ."

ರಾಯರು ಕನ್ನಡಕ ಏರಿಸಿ, ಪಾಸ್‌ಬುಕ್ಕನ್ನು ಬಿಸಿಲಿಗೆ ಹಿಡಿದು ಓದಿದರು. "ಎಸ್‌ಎಂಎಸ್ ಚಾರ್ಜು ಹದಿನೈದು ಕಣಮ್ಮ. ಅದರ ಮೇಲೆ ಜಿಎಸ್‌ಟಿ ಎರಡು ಎಪ್ಪತ್ತು."

"ಜಿಎಸ್‌ಟಿ ಅಂದರೆ ತೆರಿಗೆನೇ ಅಲ್ವಾ ತಾತ?"

"ಹ್ಞೂಂ."

"ಹಂಗಾದರೆ ನಾನೂ ಕಟ್ಟಿದ್ನಾ?"

ರಾಯರು ಪಾಸ್‌ಬುಕ್ ಮಡಚಿ ಅವಳ ಕೈಗೆ ಕೊಟ್ಟರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ, ಇವತ್ತು ಇನ್ನೊಂದು ಸುತ್ತು ಬಾಕಿಯಿದೆ ಎಂದು ಎದ್ದು ಹೋದರು.