ನೀರು ಏರೋದು ಆಮ್ಲಜನಕ ಖಾಲಿ ಆಗಿದ್ದಕ್ಕಲ್ಲ

ಅದೇ ಮೇಣದಬತ್ತಿ ವಿಡಿಯೋ ಇವತ್ತು ಮತ್ತ ಗ್ರೂಪಿಗೆ ಬಂದದ. ತಟ್ಟಿಯೊಳಗ ಬಣ್ಣದ ನೀರು, ನಡುವ ಉರಿಯೋ ಬತ್ತಿ, ಮ್ಯಾಲ ಗಾಜಿನ ಗ್ಲಾಸು ಬೋರಲು. ಬತ್ತಿ ಆರ್ತದ, ನೀರು ಗ್ಲಾಸಿನೊಳಗ ಏರ್ತದ. 'ಆಮ್ಲಜನಕ ಸುಟ್ಟು ಖಾಲಿ ಆಯ್ತು, ಆ ಜಾಗಕ್ಕ ನೀರು ಬಂತು' ಅಂತ ಹೇಳಿ ಮುಗಿಸ್ತಾರ. ಅರ್ಧ ನಿಮಿಷ. ಕಾರಣ ತಪ್ಪು. ಅದನ್ನೇ ಸಾಲಿಯೊಳಗ ಮಕ್ಕಳಿಗೆ ಹೇಳ್ತಾರಲ್ಲ, ನನಗ ಸಿಟ್ಟು ಬರೋದು ಅದಕ್ಕ.

ಗಾಳಿಯೊಳಗ ಆಮ್ಲಜನಕ ಶೇ. 21. ಬತ್ತಿ ಆರೋ ಹೊತ್ತಿಗೂ ಅದರಾಗಿನ ದೊಡ್ಡ ಪಾಲು ಗ್ಲಾಸಿನೊಳಗ ಹಂಗೇ ಇರ್ತದ. ಸುಟ್ಟದ್ದೂ ಮಾಯ ಆಗಂಗಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತ ನೀರಾವಿ ಆಗ್ತದ. ಮುಖ್ಯ ಕಾರಣ ಶಾಖ. ಗ್ಲಾಸು ಉರಿ ಮ್ಯಾಲ ಇಳಿಸುವಾಗ ಒಳಗಿನ ಗಾಳಿ ಕಾಯ್ದು ಹಿಗ್ಗಿ ಹೊರಗ ಹೋಗ್ತದ, ಅಂಚಿನಾಗ ಗುಳ್ಳಿ ಸೈತ ಕಾಣ್ತಾವ. ಬತ್ತಿ ಆರಿದ ಮ್ಯಾಲ ಉಳಿದ ಗಾಳಿ ತಣ್ಣಗಾಗಿ ಕುಗ್ಗತದ, ಹೊರಗಿನ ಗಾಳಿಯ ಒತ್ತಡ ನೀರನ್ನ ಒಳಗ ನೂಕ್ತದ. ನೀರಾವಿ ಹನಿ ಕಟ್ಟೋದೂ ಇದಕ್ಕ ಸ್ವಲ್ಪ ಕೂಡ್ತದ.

ನಂಬಿಕಿ ಇಲ್ಲಂದ್ರ ಅದೇ ಗ್ಲಾಸಿನೊಳಗ ಒಂದರ ಬದಲು ಮೂರು ಬತ್ತಿ ಇಟ್ಟು ನೋಡ್ರಿ. ಆಮ್ಲಜನಕ ಅಷ್ಟೇ, ಆದ್ರ ನೀರು ಜಾಸ್ತಿ ಏರ್ತದ.

1990ರ ದಶಕದ ಆರಂಭದಾಗ ದೂರದರ್ಶನದಾಗ ಬರ್ತಿದ್ದ 'ಟರ್ನಿಂಗ್ ಪಾಯಿಂಟ್' ವಿಜ್ಞಾನ ಕಾರ್ಯಕ್ರಮನ ಇವತ್ತಿಗೂ ಜನ ನೆನಸೋದು ಹಿಂಗ ಕಾರಣ ಹುಡುಕೋದಕ್ಕೇ. ಗಿರೀಶ ಕಾರ್ನಾಡರು ನಡೆಸಿಕೊಡ್ತಿದ್ರು, ವಿಜ್ಞಾನಿ ಪ್ರೊ. ಯಶ್ ಪಾಲ್ ನೋಡುಗರ ಪ್ರಶ್ನೆಗೆ ಉತ್ತರ ಹೇಳ್ತಿದ್ರು. ಉತ್ತರಕ್ಕಿಂತ 'ಯಾಕ' ಅನ್ನೋದಕ್ಕ ಅಲ್ಲಿ ಹೊತ್ತು ಸಿಗ್ತಿತ್ತು. ಆ ಯಶ್ ಪಾಲರಿಗೂ ನಮ್ಮ ಭಾಗಕ್ಕೂ ನಂಟು ಅದ. 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಅಂತ, ಉಪಗ್ರಹದಿಂದ ಹಳ್ಳಿಗೆ ಟಿವಿ ಮುಟ್ಟಿಸೋ ಪ್ರಯೋಗ ನಡೀತು. ಆಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರು ಅವರೇ. ಆರು ರಾಜ್ಯದ 2400 ಹಳ್ಳಿಗೆ ಉಪಗ್ರಹದಿಂದ ನೇರ ಟಿವಿ ಬಂತು, ಅದರಾಗ ನಮ್ಮ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ಆಂಟೆನಾ ಅಂದ್ರ ಸುಮಾರು 3 ಮೀಟರಿನ ಬುಟ್ಟಿ, ಕೋಳಿಗೂಡಿಗೆ ಹಾಕೋ ತಂತಿ ಜಾಳಿಗಿದು. ಸಿಗ್ನಲ್ 860 ಮೆಗಾಹರ್ಟ್ಸ್, ಅಲೆಯ ಉದ್ದ ಸುಮಾರು 35 ಸೆಂ.ಮೀ. ಜಾಳಿಗಿ ತೂತು ಅದಕ್ಕಿಂತ ಬಹಳ ಸಣ್ಣವು, ಹಿಂಗಾಗಿ ಅಲೆಗೆ ಅದು ತಗಡಿನಂಗೇ. ಗಾಳಿ ಮಾತ್ರ ತೂರಿ ಹೋಗ್ತದ, ಬುಟ್ಟಿ ಹಗುರ, ಅಗ್ಗ. ಇಷ್ಟು ಹೇಳಿದ್ರ ಏಳನೇತ್ತೆ ಹುಡುಗಿಗೂ ತಿಳೀತದ. ಬೆಳಿಗ್ಗೆ ಸಾಲಿ ಮಕ್ಕಳ ಕಾರ್ಯಕ್ರಮ ಅದರಾಗೇ ಬರ್ತಿತ್ತು. ಅಂಥಾ ಜಿಲ್ಲೆಯ ಮಕ್ಕಳಿಗೆ ನಾವು ಇವತ್ತು ತಪ್ಪು ಕಾರಣ ಕಲಸ್ಲಿಕತ್ತೀವಿ.

'ಈಗಿನ ಮಕ್ಕಳಿಗೆ ತಾಳ್ಮಿ ಇಲ್ರೀ, ರೀಲ್ಸ್‌ನಿಂದ ಆಸಕ್ತಿಯಾದ್ರೂ ಹುಟ್ತದ' ಅಂತೀರಿ. ವಿಡಿಯೋ ಸಣ್ಣದು ಅನ್ನೋದು ನನ್ನ ತಕರಾರಲ್ಲ. ಅದೇ ಅರ್ಧ ನಿಮಿಷದಾಗ 'ಬತ್ತಿ ಉರಿಯುವಾಗ ನೀರು ಜಾಸ್ತಿ ಏರಲಿಲ್ಲ, ಆರಿದ ಮ್ಯಾಲ ಸರ್ರನೆ ಏರಿತು, ಯಾಕ?' ಅಂತ ಕೇಳಿ ಬಿಡಬಹುದು. ತಪ್ಪು ಕಾರಣ ಒಮ್ಮೆ ತಲಿಯೊಳಗ ಕೂತ್ರ ಹುಡುಗರು ಮತ್ತ ಪ್ರಶ್ನೆನೇ ಕೇಳಂಗಿಲ್ಲ.

ಮಾಸ್ತರರೇ, ಬಾಯಿಯವರೇ, ವರ್ಗದಾಗ ಮಾಡೋದಿದ್ರ ಗ್ಲಾಸಿನ ಅಂಚಿನ ಕೆಳಗ ಎರಡು ನಾಣ್ಯ ಇಡ್ರಿ. ಇಲ್ಲಂದ್ರ ಅಂಚು ತಟ್ಟಿಗೆ ಅಂಟಿ ನೀರು ಒಳಗ ಹೋಗಂಗಿಲ್ಲ. ನೀರು 2 ಸೆಂ.ಮೀ. ಆಳ ಇರಲಿ. ಕಡಿಮಿ ಆದ್ರ ಅಂಚಿನ ಕೆಳಗಿಂದ ಗಾಳಿ ನುಗ್ಗಿ ಪ್ರಯೋಗ ಕೆಡ್ತದ. ಬತ್ತಿ ಆರಿದ ಕ್ಷಣಕ್ಕ ನೀರು ಎಲ್ಲಿ ಅದ ಅಂತ ಗ್ಲಾಸಿನ ಮ್ಯಾಲ ಪೆನ್ನಿನಿಂದ ಗುರ್ತು ಹಾಕ್ಲಿಕ್ಕ ಒಬ್ಬ ಹುಡುಗಗ ಹೇಳ್ರಿ, ಕಾರಣ ಮಾತ್ರ ಅವರೇ ಹುಡುಕಲಿ.