ಐದೇ ನಿಮಿಷ, ಇಡ್ತೀನಿ

ಇವತ್ತೂ ಹಾಲು ಒಡೆಯಿತು. ಈ ವಾರದಲ್ಲಿ ಇದು ಎರಡನೇ ಸಲ. ಟೀಗೆ ಹಾಲು ಸುರಿದಿದ್ದೇ ತಡ, ಪಾತ್ರೆ ತುಂಬ ಬಿಳಿ ಚೂರುಗಳು.

ಕಾರಣ ಹುಡುಕಬೇಕಾಗಿಲ್ಲ, ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ನಮ್ಮ ಯಜಮಾನರು ಮಲಗೋ ಮುಂಚೆ ಒಂದು ಲೋಟ ಹಾಲು ಕುಡಿಯುತ್ತಾರೆ. ಪಾತ್ರೆ ಅಲ್ಲೇ ಬಿಡುತ್ತಾರೆ. "ರೀ, ಫ್ರಿಜ್ಜಲ್ಲಿಡಿ" ಅಂದರೆ, "ಐದೇ ನಿಮಿಷ, ಇಡ್ತೀನಿ." ಆ ಐದು ನಿಮಿಷ ಮುಗಿಯೋದು ಬೆಳಗ್ಗೆ ಆರಕ್ಕೆ, ನಾನು ಎದ್ದಾಗ.

ಬ್ಯಾಕ್ಟೀರಿಯಾಗಳು ಇವರ ಹಾಗಲ್ಲ. ಲ್ಯಾಬಿನಲ್ಲಿ ಒಳ್ಳೆ ಊಟ ಹಾಕಿ 37 ಡಿಗ್ರಿಯಲ್ಲಿಟ್ಟರೆ, ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಹಾಗೇ ನಡೆದರೆ ಏಳು ಗಂಟೆಯಲ್ಲಿ ಒಂದು ಹೋಗಿ 20 ಲಕ್ಷ ದಾಟುತ್ತದೆ. ಲೆಕ್ಕ ನಾನೇ ಹಾಕಿದೆ, ಸಿಟ್ಟಿನಲ್ಲಿ. ಹಾಲಿನವು ಅಷ್ಟು ಅವಸರದವಲ್ಲ, ನಿಜ. ಆದರೆ ಅವು ಒಂದರಿಂದ ಶುರು ಮಾಡೋದೂ ಇಲ್ಲ. ಕಾಯಿಸಿದ ಮೇಲೂ ಕೆಲವು ಉಳಿದಿರುತ್ತವೆ, ಇವರು ಅದ್ದಿದ ಸೌಟಿನಿಂದ ಇನ್ನಷ್ಟು ಇಳಿಯುತ್ತವೆ. ಹಾಲಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಕೊಂಚ ಹುಳಿಯಾದರೂ ಸಾಕು, ಬಿಸಿ ತಾಗಿದ ಕೂಡಲೇ ಒಡೆಯುತ್ತದೆ.

ಫ್ರಿಜ್ಜಿನ 4 ಡಿಗ್ರಿಯಲ್ಲಿ ಅವು ಸಾಯೋದಿಲ್ಲ, ಆಮೆ ನಡಿಗೆಗೆ ಇಳಿಯುತ್ತವೆ. ಅಷ್ಟೇ ನಾನು ಕೇಳ್ತಿರೋದು. ಬಾಗಿಲು ತೆಗಿ, ಇಡು, ಮುಚ್ಚು.

ಮಕ್ಕಳು ಮನೆಯಲ್ಲಿದ್ದಾಗ ಹಾಲಿಗೆ ಒಡೆಯೋಕೆ ಪುರುಸೊತ್ತೇ ಇರಲಿಲ್ಲ. ಸಂಜೆಯೊಳಗೆ ಪಾತ್ರೆ ಖಾಲಿ, ತಳದ ಕೆನೆಗೂ ಜಗಳ. ಈಗ ಇಬ್ಬರೇ. ಆದರೂ ಅಷ್ಟೇ ಹಾಲು ತರಿಸ್ತೀನಿ, ಯಾಕೋ ಕಡಿಮೆ ಮಾಡೋಕೆ ಮನಸ್ಸಾಗಿಲ್ಲ.

ಇರಲಿ. ಇವರು ಎದ್ದು ಕರಿ ಟೀ ನೋಡಿ ಮುಖ ಗಂಟು ಹಾಕಿದಾಗ ಪಾಠ ಶುರು ಮಾಡಿದೆ. ಬ್ಯಾಕ್ಟೀರಿಯಾಗಳು ಹೊಸ ಜಾಗಕ್ಕೆ ಬಂದ ತಕ್ಷಣ ಬೆಳೆಯಲ್ಲ. ಮೊದಲು ಸುಮ್ನೆ ಕೂತು, ಸುಧಾರಿಸಿಕೊಂಡು, ಬೇಕಾದ ಕಿಣ್ವಗಳನ್ನು ತಯಾರು ಮಾಡಿಕೊಳ್ಳುತ್ತವೆ. ಇದನ್ನು ಲ್ಯಾಗ್ ಹಂತ ಅಂತಾರೆ. ಆಮೇಲೆ ಎದ್ದವೆಂದರೆ, ಊಟ ಮುಗಿಯೋ ತನಕ ಅಥವಾ ತಾವೇ ಬಿಟ್ಟ ಹುಳಿ ತಮಗೇ ತಡೆಯಲಾಗದಷ್ಟು ಆಗೋ ತನಕ ನಿಲ್ಲಲ್ಲ. "ನೀವು ಮದುವೆಯಾದಾಗಿನಿಂದ ಲ್ಯಾಗ್‌ನಲ್ಲೇ ಇದ್ದೀರಿ" ಅಂದೆ.

ಇವರು ಟೀ ಹೀರುತ್ತಾ ಯೋಚಿಸಿದರು. ಮುಖ ಅರಳಿತು.

"ಅಂದ್ರೆ ಅವೂ ತಕ್ಷಣ ಏಳಲ್ಲ ಅಲ್ವಾ? ಹಾಗಾದ್ರೆ ನನ್ನ ಐದು ನಿಮಿಷದಿಂದ ಏನೂ ಆಗಲ್ಲ ಬಿಡು."